ದಿನಕ್ಕೆ ಒಂಬತ್ತು ಮನೆ

ಕೊರೊನಾ ಬಂದ ವರ್ಷ ನಾನು ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕಿನ ಒಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸದವಳಾಗಿದ್ದೆ. ಗುತ್ತಿಗೆ ನೌಕರಿ. ಮನೆ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ. ಅಪ್ಪನ ಬಟ್ಟೆ ಅಂಗಡಿ ಲಾಕ್‌ಡೌನಿನಿಂದ ಮುಚ್ಚಿತ್ತು, ಎಸ್‌ಟಿ ಬಸ್ಸುಗಳು ನಿಂತಿದ್ದವು. ಹಾಗಾಗಿ ದಿನಾ ಸ್ಕೂಟಿಯ ಮೇಲೆ ಹೋಗಿ ಬರುತ್ತಿದ್ದೆ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ಕೊರಳಲ್ಲಿದ್ದ ಗುರುತಿನ ಚೀಟಿ ತೋರಿಸುತ್ತಿದ್ದೆ.

ನನ್ನ ಮುಖ್ಯ ಕೆಲಸ ಒಂದು ತಖ್ತೆ, ಅಂದರೆ ಲೆಕ್ಕದ ಕೋಷ್ಟಕ, ತುಂಬುವುದು. ನಮ್ಮ ಕೇಂದ್ರಕ್ಕೆ ಸೇರಿದ ಹಳ್ಳಿಗಳ ಆಶಾ ಕಾರ್ಯಕರ್ತೆಯರು ಆ ದಿನ ಎಷ್ಟು ಮನೆಗೆ ಹೋದರು, ಎಷ್ಟು ಜನರ ಜ್ವರ ನೋಡಿದರು ಎಂದು ಫೋನಿನಲ್ಲಿ ಹೇಳುತ್ತಿದ್ದರು. ನಾನು ಅದನ್ನು ಬರೆದು ಸಂಜೆ ನಾಲ್ಕು ಗಂಟೆಯೊಳಗೆ ಸೊಲ್ಲಾಪುರದ ಜಿಲ್ಲಾ ಕಚೇರಿಗೆ ಕಳಿಸಬೇಕು. ಒಬ್ಬೊಬ್ಬರಿಗೂ ದಿನಕ್ಕೆ ಐವತ್ತು ಮನೆ ಎಂದು ಮೇಲಿನಿಂದ ಗೊತ್ತುಪಡಿಸಿದ್ದರು. ಐವತ್ತಕ್ಕಿಂತ ಕಡಿಮೆಯಾದರೆ ಆ ಹೆಸರಿನ ಸಾಲು ತಾನಾಗಿಯೇ ಕೆಂಪಾಗುವಂತೆ ನಾನೇ ಮಾಡಿಟ್ಟಿದ್ದೆ. ಅದನ್ನು ನೋಡಿ ಡಾಕ್ಟರ್ ಸಾಹೇಬರು ಶಹಭಾಸ್ ಅಂದಿದ್ದರು. ನನಗೂ ಹೆಮ್ಮೆಯಾಗಿತ್ತು.

ಒಬ್ಬಳ ಸಾಲು ಮಾತ್ರ ದಿನಾ ಕೆಂಪು. ಹತ್ತು, ಎಂಟು, ಹನ್ನೊಂದು, ಹೀಗೆ. ಕರ್ನಾಟಕದ ಗಡಿಯ ಕಡೆ ಹೊಲಗಳ ನಡುವೆ ಚದುರಿ ಕೂತ ಕುರುಬರ ವಸ್ತಿಗಳು ಅವಳ ಪಾಲಿಗಿದ್ದವು. ಎರಡು ವಾರ ಹಾಗೇ ನಡೆದ ಮೇಲೆ ಸಾಹೇಬರು ಅವಳಿಗೆ ನೋಟೀಸ್ ಕೊಡಲು ಹೇಳಿದರು. ಮರಾಠಿಯಲ್ಲಿ ನಾನೇ ಬರೆದೆ. 'ತಮ್ಮ ಕೆಲಸ ಅಸಮಾಧಾನಕರ, ಯಾಕೆ ಕೆಲಸದಿಂದ ತೆಗೆಯಬಾರದು, ಮೂರು ದಿನದಲ್ಲಿ ಉತ್ತರಿಸಿ' ಎಂದು. ಸಾಹೇಬರು ಓದದೆ ಸಹಿ ಹಾಕಿದರು. ಅವರಿಗಾದರೂ ಓದಲು ಪುರುಸೊತ್ತು ಎಲ್ಲಿತ್ತು.

ಮರುದಿನ ಅವಳು ಆ ಕಾಗದ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಳು. ನಲವತ್ತರ ಆಸುಪಾಸಿನ ಹೆಂಗಸು. ಬಿಸಿಲಿಗೆ ಸೆರಗನ್ನು ತಲೆ ತುಂಬ ಹೊದ್ದಿದ್ದಳು.

"ಬಾಯಾರ, ಇದರಾಗ ಏನ್ ಬರದಾರ್ರಿ? ನಾ ಕನ್ನಡ ಸಾಲ್ಯಾಗ ಕಲ್ತಾಕಿ. ಈ ಸರಕಾರಿ ಮರಾಠಿ ನನಗ ತಿಳ್ಯಾಂಗಿಲ್ಲ."

ನಾನು ಬರೆದದ್ದನ್ನು ನಾನೇ ಕನ್ನಡದಲ್ಲಿ ಓದಿ ಹೇಳಬೇಕಾಯಿತು. ಅವಳು ಕೊನೆಯವರೆಗೂ ಕೇಳಿದಳು.

"ಯಾರ್ ಬರದಾರ್ರಿ ಇದನ್ನ?"

"ಸಹಿ ಸಾಹೇಬರದೈತಿ," ಅಂದೆ. ಸುಳ್ಳಲ್ಲ. ಆದರೆ ತಲೆ ಎತ್ತಿ ಹೇಳಲಿಲ್ಲ.

"ಹಂಗಾದ್ರ ಇದಕ್ಕ ಉತ್ತರ ನೀವಽ ಬರದ ಕೊಡ್ರಿ."

ಏನು ಬರೆಯಲಿ, ಬೆಳಗಿನಿಂದ ಸಂಜೆವರೆಗೆ ನೀನು ಏನು ಮಾಡುತ್ತಿ ಎಂದು ಕೇಳಿದೆ. ಅವಳು ಕಾಗದ ಮಡಚಿಕೊಳ್ಳುತ್ತ, "ಹೇಳಿದ್ರ ತಿಳ್ಯಾಂಗಿಲ್ರಿ. ನಾಳಿ ಮುಂಜಾನಿ ನನ್ನ ಕೂಡ ಬರ್ರಿ," ಅಂದಳು. ಸಾಹೇಬರನ್ನು ಕೇಳಿದೆ. ತಪಾಸಣೆ ಅಂತ ಹೋಗಿ ಬಾ, ನಾಲ್ಕಕ್ಕೆ ತಖ್ತೆ ಮಾತ್ರ ತಪ್ಪಬಾರದು ಅಂದರು.

ಏಳು ಗಂಟೆಗೆ ಹೊರಟೆವು. ಸ್ಕೂಟಿ ಒಂದು ಹಳ್ಳದವರೆಗೆ ಬಂತು, ಮುಂದೆ ನಡಿಗೆ. ಒಂದು ವಸ್ತಿಯಲ್ಲಿ ಮೂರು ಮನೆ ಇದ್ದರೆ ಇನ್ನೊಂದಕ್ಕೆ ಹೋಗಲು ಎರಡು ಹೊಲ ದಾಟಬೇಕು. ಅವಳ ಚೀಲದಲ್ಲಿ ಜ್ವರ ನೋಡುವ ಯಂತ್ರ, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಪುಟ್ಟ ಯಂತ್ರ, ಮತ್ತೆ ಒಂದು ಉದ್ದ ನೋಟುಬುಕ್ಕು ಇದ್ದವು. ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಮನೆಮನೆಯ ವಿವರ: ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಸುರಿ, ಯಾವ ಮನೆಯ ಗಂಡಸರು ಕುರಿ ಹೊಡೆದುಕೊಂಡು ಯಾವ ಕಡೆ ಹೋಗಿದ್ದಾರೆ, ಯಾವಾಗ ಮರಳುತ್ತಾರೆ.

ಹನ್ನೊಂದರ ಹೊತ್ತಿಗೆ ಒಂಬತ್ತನೆಯ ಮನೆ. ಬಾಗಿಲಲ್ಲಿದ್ದ ಸೊಸೆ ನಮ್ಮನ್ನು ನೋಡುತ್ತಲೇ, "ನಮ್ಮನ್ಯಾಗ ಯಾರಿಗೂ ಏನಿಲ್ಲವಾ, ಮುಂದ ಹೋಗ್ರಿ," ಅಂದಳು. ನಾನು ಮನಸ್ಸಿನಲ್ಲೇ 'ಒಂಬತ್ತು' ಎಂದು ಎಣಿಸಿ ಹೊರಟೇಬಿಟ್ಟಿದ್ದೆ. ನನ್ನನ್ನು ಕರೆತಂದ ಇವಳು ಮಾತ್ರ ಬೇವಿನ ನೆರಳಲ್ಲಿ ಕೂತಳು.

"ಹೋಗೂಣಂತ ಬಿಡು. ಮೊದಲ ಒಂದಿಷ್ಟು ನೀರ್ ಕೊಡು."

ನೀರು ಬಂತು. ಕುರಿ ಈದದ್ದು, ಬಿರೋಬನ ಗುಡಿಗೆ ಬೀಗ ಬಿದ್ದದ್ದು, ಎಲ್ಲ ಮಾತಾಯಿತು. ಆಮೇಲೆ ಇವಳು ಕೇಳಿದಳು, "ಆಯಿ ಎಲ್ಲೆ ಕಾಣವಲ್ಲಳು?"

"ತಂಗಿ ಊರಿಗೆ ಹೋಗ್ಯಾಳ."

"ಗಾಡಿ ಇಲ್ಲ, ಘೋಡಾ ಇಲ್ಲ. ಹ್ಯಾಂಗ ಹೋದಳವಾ?"

ಸೊಸೆ ಖಾಲಿ ತಂಬಿಗೆ ಎತ್ತಿಕೊಂಡು ತಿರುಗಿದಳು. ಮನೆಯ ಹಿಂದಿನ ಜೋಳದ ಕಣಿಕೆಯ ಬಣವೆಯ ಮರೆಯಿಂದ ಕೆಮ್ಮು ಕೇಳಿತು. ಸೊಸೆಯ ಅತ್ತೆಯಾದ ಆ ಮುದುಕಿಯನ್ನು ಅಲ್ಲಿ ಕೌದಿ ಹಾಸಿ ಮಲಗಿಸಿದ್ದರು. ಬೆರಳಿಗೆ ಯಂತ್ರ ಸಿಕ್ಕಿಸಿದರೆ ಎಂಬತ್ತಾರು ತೋರಿಸಿತು. ಅದು ತೀರ ಕಡಿಮೆ ಎಂದು ನನಗೂ ಗೊತ್ತಿತ್ತು. ನಾನು ಗಾಬರಿಯಾದೆ, ಇವಳ ಮುಖದಲ್ಲಿ ಏನೂ ಕಾಣಲಿಲ್ಲ.

ಮಗ ಹೊಲದಿಂದ ಓಡಿ ಬಂದ. "ಸೊಲ್ಲಾಪುರಕ್ಕ ಒಯ್ದವ್ರನ್ನ ತಿರಗಿ ಕೊಡಂಗಿಲ್ಲ ಅಂತಾರ. ಮಾರಿ ಸೈತ ತೋರ್ಸಂಗಿಲ್ಲ. ನಮ್ಮವ್ವನ್ನ ನಾ ಕಳಸಂಗಿಲ್ಲ."

ಇವಳು ವಾದ ಮಾಡಲಿಲ್ಲ. "ನಾನೂ ಅದಽ ಗಾಡ್ಯಾಗ ಕುಂತ ಹೋಗ್ತೀನಿ. ಆಯಿಗಿ ಹಾಸಿಗಿ ಸಿಗೂತನಕಾ ಅಲ್ಲೇ ಇರ್ತೀನಿ. ದಿನಾ ಫೋನ್ ಹಚ್ಚಿ ಆಕಿ ದನಿ ಕೇಳಸ್ತೀನಿ. ಆತಿಲ್ಲ?" ಎಂದಳು. ಇದೇ ಮಾತನ್ನು ಮಗನಿಗೆ, ಸೊಸೆಗೆ, ಕೊನೆಗೆ ಮುದುಕಿಗೆ, ಬೇರೆಬೇರೆಯಾಗಿ ಹೇಳಿದಳು. ಅವರು ಒಪ್ಪುವಷ್ಟರಲ್ಲಿ ಒಂದು ತಾಸು ಆಯಿತು. ಆಂಬುಲೆನ್ಸ್ ಬರಲು ಮತ್ತೊಂದು ತಾಸಿನ ಮೇಲಾಯಿತು.

ಕಾಯುತ್ತ ಕೂತಾಗ ನಾನು ಹೇಳಿಬಿಟ್ಟೆ. "ಆ ನೋಟೀಸು ನಾನಽ ಬರದದ್ದು."

"ಗೊತ್ತೈತ್ರಿ," ಅಂದಳು. "ಮರಾಠಿ ಕಾಗದ ನೋಡಿ ಕನ್ನಡದಾಗ ಓದಬೇಕಾದ್ರ ನೀವು ಒಮ್ಮಿನೂ ತಡೀಲಿಲ್ಲ. ಬಾಯಿಪಾಠ ಇದ್ದಂಗ ಓದಿದ್ರಿ." ನೋಟುಬುಕ್ಕು ಚೀಲಕ್ಕೆ ಸೇರಿಸುತ್ತ, "ಉತ್ತರನೂ ಹಂಗಽ ಚಂದಾಗಿ ಬರೀರಿ ಮತ್ತ," ಅಂದಳು.

ಆಂಬುಲೆನ್ಸಿನಲ್ಲಿ ಮುದುಕಿಯ ಜೊತೆ ಅವಳೂ ಹೋದಳು. ನಾನು ಕಚೇರಿಗೆ ಮರಳಿ ನಾಲ್ಕಕ್ಕೆ ತಖ್ತೆ ತುಂಬಿದೆ. ಅವಳ ಹೆಸರಿನ ಮುಂದೆ ಒಂಬತ್ತು. ಸಾಲು ಕೆಂಪಾಯಿತು.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ನಿಂತುಕೊಂಡೇ ಡಬ್ಬಿ ಊಟ ಮಾಡುತ್ತಿದ್ದರು. ನೀನು ಕಂಡದ್ದನ್ನು ಮೇಲೆ ಕಳಿಸಲು ತಖ್ತೆಯಲ್ಲಿ ಜಾಗ ಇಲ್ಲವಲ್ಲ ಎಂದು ಮರಾಠಿಯಲ್ಲಿ ಅಂದರು. ಜಾಗ ಮಾಡಿದರೆ ಎಂದು ಕೇಳಿದೆ. ಮಾಡು ಅಂದರು. ನೋಟೀಸು ವಾಪಸಾಯಿತು. ನಾನು ತಖ್ತೆಗೆ ಹೊಸ ಕಾಲಂ ಸೇರಿಸಿದೆ: ಯಾರು ಎಷ್ಟು ರೋಗಿಗಳನ್ನು ಹುಡುಕಿ ತಪಾಸಣೆಗೆ ಕಳಿಸಿದರು. ಅದರ ಪ್ರಕಾರ ನೋಡಿದರೆ ಅವಳೇ ಎಲ್ಲರಿಗಿಂತ ಮುಂದಿದ್ದಳು. ಮುದುಕಿಯೂ ಎರಡು ವಾರಕ್ಕೆ ಗುಣವಾಗಿ ಮನೆಗೆ ಬಂದಳು. ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ.

ಆ ಕಾಲಂ ಸೊಲ್ಲಾಪುರದಲ್ಲಿ ಯಾರಿಗೋ ಬಹಳ ಹಿಡಿಸಿತು. ಕೆಲವೇ ದಿನಗಳಲ್ಲಿ ಆದೇಶ ಬಂತು: ಪ್ರತಿಯೊಬ್ಬ ಆಶಾ ದಿನಕ್ಕೆ ಇಬ್ಬರು ಸಂಶಯಿತ ರೋಗಿಗಳನ್ನು ಹುಡುಕಲೇಬೇಕು. ಸರಿ, ನೆಗಡಿ ಆದವರು, ಧೂಳಿಗೆ ಸೀನಿದವರು ಎಲ್ಲ ಪಟ್ಟಿಗೆ ಬಂದರು. ತಪಾಸಣೆಯ ಕಿಟ್ಟುಗಳು ಸಾಲದಾದವು. ಹೀಗೆ ಬರೆಸಿದ ಕಾರ್ಯಕರ್ತೆಯರನ್ನು ನಾನು ಬೈಯಲಾರೆ. ಅವರಿಗೂ ನೋಟೀಸಿನ ಭಯವಿತ್ತು. ಕುರುಬರ ವಸ್ತಿಯಲ್ಲಿ ಮಾತ್ರ ಅಷ್ಟರೊಳಗೆ ಜ್ವರ ಇಳಿದಿತ್ತು. ಅವಳು ಇದ್ದದ್ದನ್ನೇ ಹೇಳುತ್ತಿದ್ದಳು, ಸೊನ್ನೆ.

"ಇಲ್ಲದ್ದ ಜಡ್ಡ ಎಲ್ಲಿಂದ ತರ್ಲಿ ಬಾಯಾರ?" ಎಂದು ಫೋನಿನಲ್ಲಿ ಕೇಳಿದಳು. ನಾನು ಆ ಸೊನ್ನೆಯನ್ನೇ ಬರೆದುಕೊಂಡೆ.

ಆ ತಿಂಗಳ ಮೀಟಿಂಗಿಗೆ ಸಾಹೇಬರು ನನ್ನನ್ನೂ ಸೊಲ್ಲಾಪುರಕ್ಕೆ ಕರೆದೊಯ್ದರು, ಪರದೆಯ ಮೇಲೆ ತಖ್ತೆ ತೋರಿಸಲು. ಹಿರಿಯ ಅಧಿಕಾರಿಯೊಬ್ಬರು ಅವಳ ಸಾಲಿಗೆ ಬೊಟ್ಟುಮಾಡಿ, ಈಕೆ ಏನೂ ಕೆಲಸ ಮಾಡುತ್ತಿಲ್ಲವೇ ಎಂದರು. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ, "ಅಲ್ಲಿ ಜ್ವರ ಇಲ್ಲ ಸರ್. ಅವಳು ಕೆಲಸ ಮಾಡಿದ್ದಕ್ಕೇ ಇಲ್ಲ," ಅಂದೆ.

"ನಿನಗೆ ಹೇಗೆ ಗೊತ್ತು?"

"ಹೋಗಿ ನೋಡಿದ್ದೇನೆ."

"ಎಷ್ಟು ದಿನ?"

"ಒಂದು ದಿನ."

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ಏನೋ ಬರೆದುಕೊಂಡು ಮುಂದಿನ ತಾಲೂಕಿನ ತಖ್ತೆಗೆ ಹೋದರು. ದಿನಕ್ಕೆ ಇಬ್ಬರು ಎಂಬ ಆದೇಶ ಕೆಲ ದಿನಗಳ ಮೇಲೆ ರದ್ದಾಯಿತು. ನನ್ನ ಮಾತಿನಿಂದಲೋ, ಕಿಟ್ಟುಗಳು ಮುಗಿದದ್ದರಿಂದಲೋ, ಇವತ್ತಿಗೂ ತಿಳಿಯದು.

ಮರಳುವಾಗ ಸಾಹೇಬರ ಜೀಪಿನಲ್ಲೇ ಬಂದೆ. ಅಕ್ಕಲಕೋಟೆ ಹತ್ತಿರ ಬಂದಾಗ ಅವರು, "ಒಂದು ದಿನ ಸಾಲದು. ಇನ್ನು ಪ್ರತಿ ಗುರುವಾರ ಒಬ್ಬೊಬ್ಬರ ಜೊತೆ ತಿರುಗು," ಅಂದರು. ಹಾಗೇ ಮಾಡಿದೆ, ಎರಡನೆಯ ಅಲೆ ಇಳಿಯುವವರೆಗೂ. ಗುರುವಾರ ನಮ್ಮ ತಖ್ತೆ ತಡವಾಗುತ್ತಿತ್ತು. ಯಾಕೆ ಬಂದಿಲ್ಲ ಎಂದು ಸೊಲ್ಲಾಪುರದಿಂದ ಫೋನು ಬಂದರೆ ಸಾಹೇಬರೇ ಎತ್ತಿ, ತುಂಬುವವಳು ಹಳ್ಳಿಗೆ ಹೋಗಿದ್ದಾಳೆ, ಬಂದ ಮೇಲೆ ಕಳಿಸುತ್ತಾಳೆ ಎಂದು ಹೇಳಿ ಇಡುತ್ತಿದ್ದರು.