ಕುಂಕುಮದ ಡಬ್ಬಿಯಲ್ಲಿ ಬೆಕ್ಕಿನ ಮೀಸೆ

ನನ್ನ ಕೈಚೀಲದಲ್ಲಿ ಒಂದು ಹಿತ್ತಾಳೆಯ ಕುಂಕುಮದ ಡಬ್ಬಿ ಇದೆ. ಪ್ರಯೋಗಾಲಯದ ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಹೆಣ್ಣುಮಗಳು ಅದನ್ನು ಕಂಡಾಗಲೆಲ್ಲ ಮುಟ್ಟದೆ ಬಿಡುತ್ತಾಳೆ. ಐವತ್ತು ದಾಟಿದ ವಿಜ್ಞಾನಿಗೂ ಇಷ್ಟು ಭಕ್ತಿ ಇದೆಯಲ್ಲ ಎಂದು ಸಂತೋಷಪಡುತ್ತಾಳೋ ಏನೋ. ಅವಳಿಗೆ ನಿಜ ಹೇಳುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ, ನಿಮಗೆ ಹೇಳುತ್ತೇನೆ. ಡಬ್ಬಿಯಲ್ಲಿ ಕುಂಕುಮವಿಲ್ಲ. ಬೆಕ್ಕಿನ ಮೀಸೆಯಿದೆ, ಏಳೆಂಟು ಎಳೆ.

ನಗಬೇಡಿ. ನಾನು ಪ್ರೋಟೀನುಗಳ ಆಕಾರ ಕಂಡುಹಿಡಿಯುವವಳು. ಅವುಗಳ ರೂಪ ತಿಳಿಯಬೇಕಾದರೆ ಮೊದಲು ಅವನ್ನು ಹರಳಾಗಿಸಬೇಕು. ಆ ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿ, ಬಿದ್ದ ಚುಕ್ಕಿಗಳನ್ನು ನೋಡಿ, ಒಳಗೆ ಯಾವ ಪರಮಾಣು ಎಲ್ಲಿದೆ ಎಂದು ಹೇಳಬೇಕು. ಕೇಳಲು ಸುಲಭ. ಆದರೆ ಪ್ರೋಟೀನು ಹರಳಾಗುವುದು ತನಗೆ ಮನಸ್ಸು ಬಂದರೆ ಮಾತ್ರ. ಉಪ್ಪು ಹೆಚ್ಚಾಯಿತು, ತಂಪು ಕಡಿಮೆಯಾಯಿತು, ಪಕ್ಕದ ಕೋಣೆಯ ಯಂತ್ರ ಅದುರಿತು ಎಂದು ಮದುವೆಗೆ ಬಂದ ಬೀಗರಂತೆ ಒಂದೊಂದು ನೆಪಕ್ಕೂ ಮುನಿಸು. ನನ್ನ ಯೌವನವೆಲ್ಲ ಈ ಬೀಗರ ಉಪಚಾರದಲ್ಲೇ ಕಳೆಯಿತು.

ಅದರಲ್ಲೂ ನಾನು ಹಿಡಿದದ್ದು ಹುರುಳಿಕಾಳಿನ ಪ್ರೋಟೀನು. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಲ್ಲಿ ಹುರುಳಿಸಾರು ಉಂಡೇ ಬೆಳೆದವಳು ನಾನು. ಹಾಸ್ಟೆಲಿನಲ್ಲಿ ಒಮ್ಮೆ ಮನೆಯಿಂದ ತಂದ ಡಬ್ಬಿ ತೆರೆದಾಗ ಪಕ್ಕದವಳು, “ಇದು ಕುದುರೆಗೆ ಹಾಕೋದಲ್ವಾ?” ಎಂದಿದ್ದಳು. ಅದಕ್ಕೆ ಉತ್ತರ ಕೊಡಲು ಒಂದು ಡಾಕ್ಟರೇಟು ಬೇಕಾಯಿತು. ಹುರುಳಿಯೊಳಗೆ ಒಂದು ಪುಟ್ಟ ಪ್ರೋಟೀನಿದೆ. ನಮ್ಮ ಹೊಟ್ಟೆಯ ಜೀರ್ಣರಸ ಕತ್ತರಿಸಲು ಬಂದರೆ ಅದರ ಬಾಯಿಗೇ ಬಿರಡೆ ಹಾಕಿ ಕೂರುತ್ತದೆ. ಕುದಿಸಿದರೂ ಸುಲಭಕ್ಕೆ ಸಡಿಲಾಗುವುದಿಲ್ಲ. ಅದರ ಹಟ ನೋಡಿ ನಮ್ಮ ಕಡೆಯವರನ್ನೇ ಕಂಡಂತಾಯಿತು. ಅದು ಕೂರುವ ಭಂಗಿ ನೋಡದೆ ಏಳುವುದಿಲ್ಲವೆಂದು ನಾನೂ ಕೂತೆ.

ಕೂತವಳನ್ನು ಎಬ್ಬಿಸಲು ನಮ್ಮ ಸಂಸ್ಥೆಯ ಸಂಶೋಧನಾ ಸಮಿತಿ ಬಂತು. ಅಧ್ಯಕ್ಷರು ಸಭ್ಯರು, ಬೈಯುವುದಿಲ್ಲ, ಮುಗುಳ್ನಗುತ್ತಾರೆ. “ನಿಮ್ಮ ಊರಿನ ಮೇಲಿನ ಅಭಿಮಾನ ಅರ್ಥವಾಗುತ್ತೆ ಮೇಡಂ. ಆದರೆ ಈ ಕಾಲದಲ್ಲಿ ಹುರುಳಿನಾ? ಆಕಾರವನ್ನ ಈಗ ಕಂಪ್ಯೂಟರೇ ಊಹಿಸಿ ಹೇಳುತ್ತೆ. ಮುಂದಿನ ಸಭೆಯೊಳಗೆ ಹರಳು ಬರದಿದ್ದರೆ ಇದನ್ನ ಮುಚ್ಚೋಣ.” ನನ್ನ ತಟ್ಟೆಗಳಲ್ಲಿ ಆಗ ಇದ್ದದ್ದು ಬರೀ ಪುಡಿಹರಳು; ಎಕ್ಸ್‌ರೇಗೆ ಅದು ಸಾಲದು. ಕಂಪ್ಯೂಟರಿನ ಊಹೆಯನ್ನು ನಾನೂ ನೋಡಿದ್ದೆ, ಚೆನ್ನಾಗಿಯೇ ಇತ್ತು. ಆದರೆ ಜಾತಕ ಎಷ್ಟೇ ಕೂಡಿ ಬಂದರೂ ಗಂಡಿನ ಮುಖ ನೋಡಲೇಬೇಕು ಎನ್ನುವವರ ಪೈಕಿ ನಾನು. ಸಿಟ್ಟು ಬಂತು. ಅಳು ಬರುವ ಮೊದಲೇ ಮಧುಗಿರಿ ಬಸ್ಸು ಹತ್ತಿದೆ. ಕೊರಟಗೆರೆ ದಾಟುವವರೆಗೂ ಅಧ್ಯಕ್ಷರಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ನನ್ನ ಒಳ್ಳೆಯ ಉತ್ತರಗಳೆಲ್ಲ ಬಸ್ಸಿನಲ್ಲೇ ಹುಟ್ಟುವುದು.

ಹೊರಟದ್ದು ಬೆಕ್ಕಿನ ಮೀಸೆಗಾಗಿ. ಇದು ನನ್ನ ಹುಚ್ಚಲ್ಲ, ನಮ್ಮ ಕಸುಬಿನವರ ಹಳೆಯ ಉಪಾಯ. ಪುಡಿಹರಳಿನ ಮೇಲೆ ಮೀಸೆಯ ಎಳೆಯನ್ನು ಸವರಿ, ಪ್ರೋಟೀನು ದ್ರಾವಣದ ಹೊಸ ಹನಿಯಲ್ಲಿ ಒಂದು ಗೆರೆ ಎಳೆದರೆ, ಅಂಟಿ ಬಂದ ಚೂರುಗಳ ಸುತ್ತ ದೊಡ್ಡ ಹರಳು ಬೆಳೆಯುವುದುಂಟು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಕ್ಕು ಸಾಕುವಂತಿಲ್ಲ. ಊರಿನಲ್ಲಿ ನನ್ನ ದೊಡ್ಡಮ್ಮನ ಬೆಕ್ಕಿತ್ತು. ಒಲೆಯ ಬೂದಿಯಲ್ಲೇ ಮಲಗುವುದರಿಂದ ಅದರ ಹೆಸರೂ ಬೂದಿ.

ಮೊಣಕಾಲೂರಿ ಒಲೆಯ ಸುತ್ತ ತಡಕಾಡುತ್ತಿದ್ದಾಗ ದೊಡ್ಡಮ್ಮನ ಕೈಗೆ ಸಿಕ್ಕಿಬಿದ್ದೆ.

“ಏನೇ ಅದು, ಅಂಗೆ ಬಗ್ಗಿ ಬಗ್ಗಿ ಹುಡುಕ್ತಿದ್ದೀಯ?”

“ಬೆಕ್ಕಿನ ಮೀಸೆ ದೊಡ್ಡಮ್ಮ. ಉದುರಿರೋದು ಐತಾ ಅಂತ.”

ದೊಡ್ಡಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಲೇ, ಮಾಟಕ್ಕಾ? ಯಾರಿಗೆ ಕಣೇ?”

ಅಧ್ಯಕ್ಷರ ಹೆಸರು ನಾಲಗೆ ತುದಿಗೆ ಬಂತು, ನುಂಗಿಕೊಂಡೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಸಾವಧಾನವಾಗಿ ಕೇಳಿದ ದೊಡ್ಡಮ್ಮ, “ಅಷ್ಟೇಯಾ? ಹೆಪ್ಪು ಹಾಕಾಕೆ ಕಡ್ಡಿ ಬೇಕು ಅನ್ನು,” ಎಂದಳು. ಎಂಎಸ್ಸಿ ತರಗತಿಗೆ ಎರಡು ಗಂಟೆ ತೆಗೆದುಕೊಂಡು ನಾನು ಮಾಡುವ ಪಾಠ ಇಷ್ಟೇ. ಆಮೇಲೆ ಪ್ರಶ್ನೆಯನ್ನೂ ಕೇಳಿದಳು.

“ಹೆಪ್ಪಾಕಿದ್ಮ್ಯಾಲೆ ಏನ್ ಮಾಡ್ತೀಯ?”

“ಗಂಟೆಗೊಂದ್ಸಲ ತೆಗೆದು ನೋಡ್ತೀನಿ.”

“ಅದಕ್ಕೇ ಆಗಿಲ್ಲ ಕಣಮ್ಮ. ಹೆಪ್ಪಾಕಿದ ಚೊಂಬು ಯಾರಾನ ಅಲ್ಲಾಡಿಸ್ತಾರಾ? ಮುಚ್ಚಿಟ್ಟು ನಿನ್ ಪಾಡಿಗೆ ನೀನು ಹೋಗ್ಬುಡ್ಬೇಕು.”

ಬೂದಿಯ ಮೀಸೆ ಕೀಳಲು ಮಾತ್ರ ಬಿಡಲಿಲ್ಲ. ಕಸ ಗುಡಿಸುವಾಗ ಸಿಕ್ಕಿದ್ದನ್ನೆಲ್ಲ ಆಯ್ದಿಟ್ಟು, ಮುಂದಿನ ಸಲ ಹೋದಾಗ ತನ್ನ ಕುಂಕುಮದ ಡಬ್ಬಿಯಲ್ಲಿ ಹಾಕಿ ಕೊಟ್ಟಳು. ದೊಡ್ಡಪ್ಪ ತೀರಿಕೊಂಡಾಗಿನಿಂದ ಅದು ಖಾಲಿಯಿತ್ತು. “ಸುಮ್ಕೆ ಬಿದ್ದಿತ್ತು. ಇದ್ರಿಂದ ಏನಾನ ಬೆಳೀಲಿ ಬುಡು,” ಎಂದಳು. ಬಸ್ಸಿನಲ್ಲಿ ಆ ಡಬ್ಬಿಯನ್ನು ಮುಷ್ಟಿಯಲ್ಲೇ ಹಿಡಿದು ಕೂತಿದ್ದೆ. ಈ ಸಲ ಅಧ್ಯಕ್ಷರು ನೆನಪಿಗೇ ಬರಲಿಲ್ಲ.

ಗೆರೆ ಎಳೆದೆ, ಮುಚ್ಚಿಟ್ಟೆ, ಕೋಣೆಗೆ ಬೀಗ ಹಾಕಿ ಬೀಗದಕೈಯನ್ನು ಸಹೋದ್ಯೋಗಿಗೆ ಕೊಟ್ಟೆ. ಹತ್ತು ದಿನ ನನ್ನ ಪಾಡಿಗೆ ನಾನಿದ್ದದ್ದೇ ನನ್ನ ವೃತ್ತಿಯ ಅತಿ ಕಷ್ಟದ ಪ್ರಯೋಗ. ತೆಗೆದು ನೋಡಿದರೆ ಗೆರೆಯುದ್ದಕ್ಕೂ ಹರಳುಗಳು ಸಾಲಾಗಿ ನಿಂತಿದ್ದವು, ಅಂಚು ಚೂಪಾಗಿ, ಒಂದಕ್ಕಿಂತ ಒಂದು ಚೆಂದ. ಯಾರೂ ಇರಲಿಲ್ಲ, ಅತ್ತುಬಿಟ್ಟೆ. ಎಕ್ಸ್‌ರೇ ಹಾಯಿಸಿದಾಗ ಹುರುಳಿ ಕೊನೆಗೂ ತನ್ನ ಭಂಗಿ ತೋರಿಸಿತು. ಕಂಪ್ಯೂಟರು ಬಲಕ್ಕೆ ಎಂದಿದ್ದ ಒಂದು ಮಡಿಕೆ ಎಡಕ್ಕಿತ್ತು.

ಕೆಲಸ ಮುಂದುವರಿಸಲು ಸಮಿತಿ ಒಪ್ಪಿತು. ಅಧ್ಯಕ್ಷರು ಮಾತ್ರ ನಾನು ಅಚ್ಚಿಗೆ ಕಳಿಸಲಿದ್ದ ಲೇಖನದ ಕೊನೆಯ ಕೃತಜ್ಞತೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ದೊಡ್ಡಮ್ಮನ ಹೆಸರು, ಊರು, ಹೆಪ್ಪಿನ ಸಲಹೆ ಎಲ್ಲ ಇತ್ತು. “ಇದು ಬೇಡ ಮೇಡಂ. ಓದಿದವರು ನಗ್ತಾರೆ.”

ಈ ಸಲ ಉತ್ತರ ಬಸ್ಸಿಗೆ ಕಾಯಲಿಲ್ಲ. “ನಗಲಿ ಸಾರ್. ಒಂದು ಹೆಸರು ತೆಗೀಲೇಬೇಕು ಅಂದ್ರೆ ನನ್ನದು ತೆಗೀರಿ,” ಎಂದೆ. ಸಾಲು ಉಳಿಯಿತು.

ಲೇಖನ ಅಚ್ಚಾದ ವಾರವೇ ಊರಿಗೆ ಹೋಗಿ, ಯುದ್ಧ ಗೆದ್ದವಳ ಗತ್ತಿನಲ್ಲಿ ಆ ಸಾಲನ್ನು ಕನ್ನಡ ಮಾಡಿ ಓದಿದೆ. ತನ್ನ ಹೆಸರು ಬಂದಾಗ ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಬೂದಿ ಅವಳ ಮಡಿಲಲ್ಲಿತ್ತು.

“ಇದ್ರ ಹೆಸ್ರು ಎಲ್ಲೈತೆ?”

“ಬೆಕ್ಕು ಅಂತ ಹಾಕಿಲ್ಲ ದೊಡ್ಡಮ್ಮ. ‘ನೈಸರ್ಗಿಕ ಎಳೆ’ ಅಂತ ಬರೆದ್ಬುಟ್ಟೆ.”

“ಯಾಕೆ?”

“ಓದಿದವರು ನಗ್ತಾರೆ ಅಂತ.”

ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೆ ಬಿತ್ತು. ಅಧ್ಯಕ್ಷರದೇ ಮಾತು, ಒಂದಕ್ಷರ ಬದಲಾಗಿರಲಿಲ್ಲ. ದೊಡ್ಡಮ್ಮ ಬೂದಿಯ ತಲೆ ನೇವರಿಸಿದಳು.

ಪತ್ರಿಕೆಗೆ ತಿದ್ದುಪಡಿ ಕಳಿಸಿದ್ದೇನೆ. ‘ನೈಸರ್ಗಿಕ ಎಳೆ’ ಎಂದಿರುವಲ್ಲಿ ‘ಬೆಕ್ಕಿನ ಮೀಸೆ’ ಎಂದು ಓದಿಕೊಳ್ಳತಕ್ಕದ್ದು. ಬೆಕ್ಕಿನ ಹೆಸರು ಬೂದಿ, ಊರು ಐ.ಡಿ.ಹಳ್ಳಿ. ನಾಳೆ ಬೆಳಿಗ್ಗೆ ಗೇಟಿನಲ್ಲಿ ಡಬ್ಬಿಯ ಮುಚ್ಚಳವನ್ನು ನಾನೇ ತೆಗೆದು ತೋರಿಸುತ್ತೇನೆ.