ಹಸಿರು ಕಿವಿಯ ದೀಕ್ಷಾಸ್ನಾನ

ಕಿವಿಯ ಹಿಂಭಾಗವೆಂಬುದು ನಾವೆಲ್ಲ ತೀರ ಅಲಕ್ಷ್ಯ ಮಾಡಿರುವ ಜಾಗ. ಅದರ ಮಹತ್ವ ತಿಳಿಯಬೇಕಾದರೆ ನೀವು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಒಂದು ಹೋಳಿ ಆಡಬೇಕು. ಕಡಲೆಹಿಟ್ಟು, ಕೊಬ್ಬರಿ ಎಣ್ಣೆ, ನಿಂಬೆಹಣ್ಣು, ಕೊನೆಗೆ ಪಾತ್ರೆ ತಿಕ್ಕುವ ನಾರು ಎಲ್ಲವೂ ಸೋತ ಮೇಲೂ ಅಲ್ಲೊಂದು ಹಸಿರು ಕದಲದೆ ಕೂತಿರುತ್ತದೆ. ಬೇರೆ ವರ್ಷವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ದೆಹಲಿಗೆ ಮೆಟ್ರೋ ಇನ್ನೂ ಹೊಸತಾಗಿದ್ದ ಆ ವರ್ಷ, ಹೋಳಿಯ ಮರುದಿನ ಭಾನುವಾರ, ನನ್ನ ದೀಕ್ಷಾಸ್ನಾನವಿತ್ತು.

ನಲವತ್ತೆಂಟನೆಯ ವಯಸ್ಸಿನಲ್ಲಾ ಎಂದು ನೀವು ಹುಬ್ಬೇರಿಸಬಹುದು. ನಾನು ಕ್ರೈಸ್ತರ ಮನೆಯಲ್ಲೇ ಹುಟ್ಟಿದವನು, ಕೂಸಾಗಿದ್ದಾಗಲೇ ಆಗಬೇಕಾಗಿದ್ದ ಶಾಸ್ತ್ರ ಅದು. ರೈಲ್ವೆ ನೌಕರರಾಗಿದ್ದ ಅಪ್ಪ, ಮುಂದಿನ ಊರಿನಲ್ಲಿ ನೆಂಟರನ್ನೆಲ್ಲ ಕರೆದು ಮಾಡಿಸೋಣ ಎನ್ನುತ್ತ ಊರಿಂದೂರಿಗೆ ವರ್ಗವಾದರು. ನಾನು ತೊಟ್ಟಿಲಿನಿಂದ ಕಾಲೇಜಿಗೆ ವರ್ಗವಾದೆ. ಆಮೇಲೆ ಮುಂದೂಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅರ್ಹತೆಯಿಲ್ಲದೆ ಬಡ್ತಿಯಿಲ್ಲವೆಂಬುದು ಸಚಿವಾಲಯದ ಗುಮಾಸ್ತನಿಗೆ ರಕ್ತಗತ. ಮೊದಲು ಸಿಟ್ಟು ಇಳಿಯಲಿ, ಸಹೋದ್ಯೋಗಿಗಳ ಮೇಲಿನ ಹೊಟ್ಟೆಕಿಚ್ಚು ಹೋಗಲಿ, ಆಮೇಲೆ ಅರ್ಜಿ ಹಾಕೋಣ ಎಂದುಕೊಂಡು ಮದುವೆಯಾದ ಮೇಲೂ ಹದಿನೆಂಟು ವರ್ಷ ಕಳೆದೆ. ಜನಕಪುರಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ಕನ್ನಡ ಆರಾಧನೆಯಲ್ಲಿ ನನ್ನ ಹೆಂಡತಿ ಸುಗುಣ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಒಬ್ಬಳೇ ಎದ್ದು ಹೋಗುತ್ತಿದ್ದಳು. ದೀಕ್ಷಾಸ್ನಾನವಾಗದ ನಾನು ಬೆಂಚಿನಲ್ಲೇ ಉಳಿಯುತ್ತಿದ್ದೆ. ಅವಳು ಒಮ್ಮೆಯೂ ದೂರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚುತ್ತಿತ್ತು.

ಅಂತೂ ಆ ವರ್ಷ ದೀಕ್ಷಾಸ್ನಾನಕ್ಕೆ ಒಪ್ಪಿದೆ. ಮನಸ್ಸಿನ ಕೊಳೆ ಹೋಗದಿದ್ದರೂ ಮೈಯಾದರೂ ಶುಭ್ರವಾಗಿರಲೆಂದು ಬಿಳಿ ಷರ್ಟು ಹೊಲಿಸಿ, ಹೋಳಿಯ ದಿನ ಬಾಗಿಲು ಹಾಕಿಕೊಂಡು ಕೂತೆ. ಮೇಲಿನ ಮನೆಯ ಶರ್ಮಾಜಿ ನಾಲ್ಕು ಜನರೊಂದಿಗೆ ಬಂದು, ಹೊರಗೆ ಬರದಿದ್ದರೆ ಒಳಗೇ ಬಂದು ಹಚ್ಚುವುದಾಗಿ ಪ್ರೀತಿಯಿಂದ ಬೆದರಿಸಿದರು. ಮನೆಗೆ ಆಗಷ್ಟೇ ಸುಣ್ಣ ಬಳಿಸಿದ್ದೆವು. ಗೋಡೆ ಉಳಿಸಲು ನನ್ನನ್ನೇ ಒಪ್ಪಿಸಿಕೊಂಡೆ. ಐದೇ ನಿಮಿಷದಲ್ಲಿ ಕೊರಳು ನೇರಳೆ, ಕಿವಿ ಹಸಿರು. ನಿಜ ಹೇಳಬೇಕೆಂದರೆ ಆಡುವಾಗ ನನಗೂ ಖುಷಿಯೇ ಆಯಿತು.

ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಮುಂದಿನ ತಿಂಗಳು ನೋಡೋಣ ಎಂದೆ. ಆ ಮಾತಿನಲ್ಲಿ ಅಪ್ಪನ ದನಿಯೇ ಕೇಳಿಸಿತು. ಸೀರೆಯ ನೆರಿಗೆ ಹಿಡಿದಿದ್ದ ಸುಗುಣ ಹಾಗೇ ನಿಂತಳು.

“ರೀ, ತೊಳ್ಕೊಂಡೇ ಬರಬೇಕು ಅಂತಿದ್ರೆ ಅಲ್ಲಿ ನೀರು ಯಾಕೆ ಇಟ್ಟಿರ್ತಾರೆ?” ಎಂದಳು. “ಇನ್ನು ಒಬ್ಬಳೇ ಎದ್ದು ಹೋಗೋಕೆ ನನ್ನಿಂದ ಆಗಲ್ಲ.”

ನಾನು ಬಿಳಿ ಷರ್ಟಿನ ಗುಂಡಿ ಹಾಕಿಕೊಂಡೆ.

ಜನಕಪುರಿಯವರೆಗೂ ಬಸ್ಸಿನಲ್ಲಿ ಅದೇ ಯೋಚನೆ. ಕೃಪೆಯೆಂಬ ಮಾತನ್ನು ಸಾವಿರ ಸಲ ಹಾಡಿದ್ದರೂ ಅದು ಸನ್ನಡತೆಗೆ ಮಂಜೂರಾಗುವ ಭತ್ಯೆಯೆಂದೇ ಒಳಗೊಳಗೆ ನಂಬಿದ್ದೆನಲ್ಲ, ಮಿತ್ರರೇ! ದೀಕ್ಷಾಸ್ನಾನವೆಂದರೆ ಪ್ರಯಾಣ ಹೊರಟವನಿಗೆ ಮನೆಯವರು ಕಟ್ಟಿಕೊಡುವ ಬುತ್ತಿ. ನಾನೋ, ಊರು ತಲುಪಿದ ಮೇಲೆ ಬುತ್ತಿ ಕೇಳೋಣವೆಂದು ಹಸಿದುಕೊಂಡೇ ಕೂತಿದ್ದೆ. ಸಿಟ್ಟು, ಹೊಟ್ಟೆಕಿಚ್ಚುಗಳೊಂದಿಗೆ ಜಗಳ ನಾಳೆಯೂ ಇರುತ್ತದೆ, ಆದರೆ ಆ ಜಗಳದಲ್ಲಿ ಇನ್ನು ನಾನು ಒಂಟಿಯಲ್ಲ. ಇಷ್ಟು ಸರಳವಾದದ್ದು ಇಷ್ಟು ತಡವಾಗಿ ಹೊಳೆದದ್ದಕ್ಕೆ ನಗು ಬಂತು. ಪಕ್ಕದ ಸೀಟಿನವರು ನನ್ನ ಕಿವಿ ನೋಡಿ ಮೊದಲೇ ನಗುತ್ತಿದ್ದರು.

ಸಭೆಯ ಪಾದ್ರಿಗಳಾದ ಅಯ್ಯನವರು ನನ್ನ ಕೊರಳನ್ನು ಕಂಡೂ ಕಾಣದವರಂತೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಬೊಗಸೆ ನೀರು ತಲೆಗೆ ಹಾಕಿದರು. ಕೂದಲಲ್ಲಿ ಅಡಗಿದ್ದ ಗುಲಾಲು ಕರಗಿ ಹೊಸ ಷರ್ಟಿನ ಮೇಲೆ ಗುಲಾಬಿ ಧಾರೆಯಾಗಿ ಇಳಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಅಯ್ಯನವರೂ ತಡೆಯಲಾರದೆ ನಕ್ಕರು, ನಾನೂ ನಕ್ಕೆ. ನೀರು ತಣ್ಣಗಿತ್ತು, ನನಗೆ ಹೇಳತೀರದ ಸಂತೋಷವಾಯಿತು.

ಆಮೇಲೆ ಕರ್ತನ ಭೋಜನ. ಸುಗುಣ ಎದ್ದಳು, ಒದ್ದೆ ತಲೆಯಲ್ಲೇ ನಾನೂ ಎದ್ದು ಹೋಗಿ ಅವಳ ಪಕ್ಕದಲ್ಲಿ ಮೊಣಕಾಲೂರಿದೆ. ಹದಿನೆಂಟು ವರ್ಷ ಆ ಗಳಿಗೆಯಲ್ಲಿ ನಾನು ಕಂಡಿದ್ದದ್ದು ಅವಳ ಬೆನ್ನನ್ನು ಮಾತ್ರ. ರೊಟ್ಟಿ ಕೈಗೆ ಬಂದಾಗ ಅವಳ ಮುಖ ಹೇಗಿರುತ್ತದೆಂದು ಅಂದು ಮೊದಲ ಸಲ ನೋಡಿದೆ.