ಇಪ್ಪತ್ತೆರಡು ನಿಮಿಷ ತೂಕಡಿಸಿದ ಗಂಟೆ

ಹೋದ ವರ್ಷದ ನವೆಂಬರ್. ಕಡಬದ ಆಚೆ, ಕಾಡಿನಂಚಿನ ಸಣ್ಣ ಶಾಲೆಯೊಂದರಲ್ಲಿ ನಾನು ಟೀಚರ್. ಅಲ್ಲಿ ಗಂಟೆ ಅಂದರೆ ಜಗಲಿಯಲ್ಲಿ ನೇತುಹಾಕಿದ ರೈಲುಹಳಿಯ ತುಂಡು. ಬಡಿಯುವವರು ಅಡುಗೆಯ ಲೀಲಕ್ಕ. ನನಗೆ ಸುಮ್ಮನಿರಲಾಗಬೇಕಲ್ಲ! ಶಾಲೆಯ ಹಳೆಯ ಕಂಪ್ಯೂಟರಿಗೆ ಸ್ಪೀಕರ್ ಸಿಕ್ಕಿಸಿ, ಹೊತ್ತಿಗೆ ಸರಿಯಾಗಿ ಅದೇ ಗಂಟೆ ಹೊಡೆಯುವ ಹಾಗೆ ಮಾಡಿ, ಹಳಿಯ ತುಂಡನ್ನು ಬಿಚ್ಚಿಟ್ಟೆ. ಕರೆಂಟ್ ಹೋದರೆ ಇನ್ವರ್ಟರ್ ಬೇಗ ಖಾಲಿಯಾಗುತ್ತಿತ್ತು. ಹಾಗಾಗಿ ಒಂದು ಸಂಜೆ ಮದರ್‌ಬೋರ್ಡಿನ ಸೆಟ್ಟಿಂಗಿಗೆ ಹೋಗಿ, ವಿದ್ಯುತ್ ಉಳಿತಾಯ ಎಂದು ಕಂಡದ್ದನ್ನೆಲ್ಲ ಆನ್ ಮಾಡಿ ಬಂದೆ.

ಮರುದಿನ ಹೆಡ್‌ಮಾಸ್ಟರು ಪುತ್ತೂರಿಗೆ ಮೀಟಿಂಗಿಗೆ ಹೋಗಿದ್ದರು. ಅವರಿಲ್ಲದೆ ಕಂಪ್ಯೂಟರನ್ನು ದಿನವಿಡೀ ಯಾರೂ ಮುಟ್ಟಲಿಲ್ಲ. ಆ ವಾರ ಕಾಡಿನಿಂದ ಆನೆ ಇಳಿದಿತ್ತು. ಮಕ್ಕಳನ್ನು ನಡೆದು ಕಳಿಸಬೇಡಿ ಎಂದು ಅರಣ್ಯದವರು ಹೇಳಿಹೋಗಿದ್ದರು. ಕಾಡುದಾರಿಯಲ್ಲಿ ಮನೆ ಇದ್ದದ್ದು ಇಬ್ಬರಿಗೇ, ಆರನೇ ಕ್ಲಾಸಿನ ಧನ್ಯ ಮತ್ತು ಅವಳ ತಂಗಿ ಶ್ರಾವ್ಯ. ಶಾಲೆ ಬಿಡುವುದು ನಾಲ್ಕಕ್ಕೆ, ಅವರ ಬಸ್ಸು ನಾಲ್ಕು ಹತ್ತಕ್ಕೆ.

ಸಂಜೆ ಲೀಲಕ್ಕ ಬಾಗಿಲಲ್ಲಿ ನಿಂತು ಕೈಗಡಿಯಾರ ತೋರಿಸಿದರು. "ಟೀಚರೇ, ನಾಲ್ಕಾಯ್ತು. ಮಕ್ಕಳನ್ನು ಬಿಡುದಿಲ್ವಾ?"

"ನಿಮ್ಮ ವಾಚು ಮುಂದೆ ಓಡುದು ಲೀಲಕ್ಕ. ಕಂಪ್ಯೂಟರ್ ಸುಳ್ಳು ಹೇಳ್ತದಾ?" ಎಂದೆ. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಗಂಟೆ ಹೊಡೆಯಿತು, ಮಕ್ಕಳು ಹೋದರು. ನಾನು ನೋಟ್ಸ್ ತಿದ್ದುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಧನ್ಯಳ ಅಮ್ಮನ ಫೋನು.

"ಟೀಚರ್, ಬಸ್ಸು ಬಂದು ಹೋಯ್ತು. ಮಕ್ಕಳು ಇಳಿಲಿಲ್ಲ. ಸ್ಪೆಷಲ್ ಕ್ಲಾಸ್ ಉಂಟಾ ಎಂತ?"

ಫೋನಿನಲ್ಲಿ ನಾಲ್ಕು ಮೂವತ್ತೈದು. ಕಂಪ್ಯೂಟರಿನಲ್ಲಿ ನಾಲ್ಕು ಹದಿಮೂರು.

ಸ್ಕೂಟರ್ ಹತ್ತಿ ಕಾಡುದಾರಿಗೆ ಹೊರಟೆ. ಎರಡನೇ ತಿರುವಿನಲ್ಲಿ, ಆನೆಗೆ ಇಷ್ಟದ ಬೈನೆಮರವೊಂದು ಸೀಳಿ ಬಿದ್ದಿತ್ತು. ಪಕ್ಕದಲ್ಲಿ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಸ್ಕೂಟರ್ ಆರಿಸಿದೆ. ಮಕ್ಕಳ ಹೆಸರು ಕೂಗಿದರೆ ಆನೆಗೆ ಕೇಳುತ್ತದೆ, ಕೂಗದಿದ್ದರೆ ಮಕ್ಕಳೆಲ್ಲಿ? ಸುಬ್ರಹ್ಮಣ್ಯ ದೇವರೇ, ಆ ತಾಯಿಗೆ ನಾನು ಏನೆಂದು ಹೇಳಲಿ?

ಆಗ ಮುಂದಿನ ಮೋರಿಯ ಬದಿಯಿಂದ ಒಂದು ಕೈ ಎದ್ದು, ಬಗ್ಗಿ ಬನ್ನಿ ಎಂದು ಸನ್ನೆ ಮಾಡಿತು. ಲೀಲಕ್ಕ! ಪಕ್ಕದಲ್ಲಿ ಅಕ್ಕ ತಂಗಿ ಮುದುರಿ ಕೂತಿದ್ದರು. ಬಸ್ಸು ತಪ್ಪಿ ನಡೆದೇ ಹೊರಟ ಮಕ್ಕಳನ್ನು ಕಂಡು ಲೀಲಕ್ಕ ಹಿಂದೆ ಓಡಿದ್ದರಂತೆ. ಲೀಲಕ್ಕನ ಮನೆ ಆ ದಿಕ್ಕಿನಲ್ಲೇ ಅಲ್ಲ. ನಾನು ತೆವಳಿ ಹೋಗಿ ಸೇರಿಕೊಂಡೆ. ಎದುರಿನ ಬಿದಿರುಮೆಳೆಯಲ್ಲಿ ಆನೆ ಚಟಚಟ ಮುರಿಯುತ್ತಿತ್ತು. ಶ್ರಾವ್ಯಳ ಉಗುರು ನನ್ನ ತೋಳಿಗೆ ಇಳಿದಿತ್ತು. ಅವಳು ಅಳಲೂ ಇಲ್ಲ. ಎಷ್ಟು ಹೊತ್ತಾಯಿತೋ, ಸದ್ದು ನಿಧಾನಕ್ಕೆ ಮೇಲಿನ ಗುಡ್ಡದ ಕಡೆ ದೂರವಾಯಿತು.

ಲೀಲಕ್ಕ ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. "ಟೀಚರೇ, ಮುಖ ಒರಸಿಕೊಳ್ಳಿ. ಮಕ್ಕಳು ಹೆದರ್ತಾರೆ" ಎಂದರು, ಅಷ್ಟೇ.

ಪುತ್ತೂರಿನಿಂದ ಬಂದ ರಿಪೇರಿಯವರು ಕಾರಣ ಹೇಳಿದರು. "ನೀವು ಉಳಿತಾಯ ಆನ್ ಮಾಡಿದ್ದಕ್ಕೆ, ಕೆಲಸ ಇಲ್ಲದಾಗ ಮದರ್‌ಬೋರ್ಡು ಪ್ರೊಸೆಸರನ್ನು ತೂಕಡಿಸ್ಲಿಕ್ಕೆ ಬಿಡ್ತದೆ ಮಾರಾಯ್ರೆ. ಹಳೇ ಮಿಷನು ಇದು, ತೂಕಡಿಸುವಾಗ ಸೆಕೆಂಡು ಎಣಿಸುದೂ ನಿಲ್ತದೆ. ಬೆಳಿಗ್ಗೆ ಆನ್ ಮಾಡುವಾಗ ಬ್ಯಾಟರಿ ಗಡಿಯಾರ ನೋಡಿ ಸರಿಯಾಗ್ತದೆ. ಸಂಜೆಗೆ ಪುನಃ ಹಿಂದೆ."

ಮಿಷನು ತೂಕಡಿಸಿತು, ಸರಿ. ಎಚ್ಚರ ಇದ್ದ ನನಗೆ ಎಂತ ಆಗಿತ್ತು?

ಹಳಿಯ ತುಂಡನ್ನು ಮತ್ತೆ ಜಗಲಿಗೆ ಕಟ್ಟಿದೆವು. ನಾಲ್ಕಾಗುತ್ತಾ ಬಂದರೆ ಈಗಲೂ ನೋಟ್ಸ್ ಮುಚ್ಚಿಟ್ಟು ಹೊರಗೆ ಬರುತ್ತೇನೆ. ಅಕ್ಕ ತಂಗಿ ಬಸ್ಸು ಹತ್ತುವವರೆಗೆ ಗೇಟಿನಲ್ಲೇ ನಿಂತಿರುತ್ತೇನೆ. ಮೊಬೈಲು ಕೈಯಲ್ಲೇ ಇದ್ದರೂ ಗಂಟೆಯೆಷ್ಟೆಂದು ಕೇಳುವುದು ಲೀಲಕ್ಕನನ್ನೇ.